ವೊಲ್ಪರ್ಟಿಂಗರ್ ಅನ್ನು ಕಥೆಗೆ ತರುವುದು ಹೇಗೆ: ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಮೊಲದ ಮೈ, ಜಿಂಕೆಯ ಕೊಂಬು, ಹಕ್ಕಿಯ ರೆಕ್ಕೆ, ಬಾಯಲ್ಲೆರಡು ಕೋರೆಹಲ್ಲು. ಜರ್ಮನಿಯ ಬವೇರಿಯಾದ ಬೆಟ್ಟಗಾಡಿನ ಜನ ಹೇಳಿಕೊಂಡು ಬಂದಿರುವ ಈ ಪುಟ್ಟ ಬೆರಕೆ ಪ್ರಾಣಿಯ ಹೆಸರು ವೊಲ್ಪರ್ಟಿಂಗರ್. ಇದನ್ನಿಟ್ಟುಕೊಂಡು ಕಥೆ ಬರೆಯಲು ಹೊರಟವರಲ್ಲಿ ಬಹಳ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲ ಪುಟದಲ್ಲೇ ಪ್ರಾಣಿ ಪೊದೆಯಿಂದ ಜಿಗಿಯುತ್ತದೆ. ಅದರ ಅಂಗಾಂಗಗಳ ಪಟ್ಟಿ ಬರುತ್ತದೆ. ನಾಯಕ ಬೆರಗಾಗುತ್ತಾನೆ. ಎರಡನೇ ಪುಟದಿಂದ ಆ ಪ್ರಾಣಿಗೆ ಮಾಡಲು ಕೆಲಸವೇ ಇರುವುದಿಲ್ಲ. ಆಗ ಲೇಖಕರು ಅದಕ್ಕೆ ಮಾತು ಕಲಿಸುತ್ತಾರೆ, ಮಂತ್ರಶಕ್ತಿ ಕೊಡುತ್ತಾರೆ, ಕೊನೆಗೆ ಯುದ್ಧಕ್ಕೂ ಕಳಿಸುತ್ತಾರೆ. ಕಥೆ ಮಾತ್ರ ಎದ್ದು ನಿಲ್ಲುವುದಿಲ್ಲ.

ಇದಕ್ಕೆ ಕಾರಣ ಕೆಲಸದ ಕ್ರಮ. ನಾವು ಪ್ರಾಣಿಯ ಮೈಯನ್ನು ಮೊದಲು ಕಟ್ಟಿ, ಊರನ್ನೂ ಜನರನ್ನೂ ಆಮೇಲೆ ಅಂಟಿಸುತ್ತೇವೆ. ವೊಲ್ಪರ್ಟಿಂಗರ್ ವಿಷಯದಲ್ಲಿ ಅದು ಉಲ್ಟಾ ಆಗಬೇಕು. ಅದು ಬದುಕಿರುವುದೇ ಊರಿನವರು ಹೊರಗಿನವರಿಗೆ ಹೇಳುವ ಮಾತಿನಲ್ಲಿ. ಹೇಳುವವರು ಯಾರು, ಕೇಳುವವರು ಯಾರು ಅಂತ ತೀರ್ಮಾನವಾಗದೆ ಕೊಂಬಿನ ಉದ್ದ ತಿಳಿದು ಏನೂ ಉಪಯೋಗವಿಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲಿ ಪ್ರಾಣಿಯ ಮೈ ನಾಲ್ಕನೆಯದಾಗಿ ಬರುತ್ತದೆ. ಹಾರಿಸಿ ಮುಂದೆ ಹೋಗಬೇಡಿ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಒಂದು ಭೂಪಟ ಬೇಕು. ಎತ್ತರದ ಗೆರೆಗಳು ಕಾಣುವಂಥದ್ದು. ಇಡೀ ಆಲ್ಪ್ಸ್ ಬೇಡ, ಒಂದೇ ಒಂದು ಕಣಿವೆ ಸಾಕು.

ನಿಮ್ಮ ಕಥೆ ನಡೆಯುವ ವರ್ಷದ ಹುಣ್ಣಿಮೆ ದಿನಗಳ ಪಟ್ಟಿ ಬೇಕು. ಹಳೆಯ ವರ್ಷಗಳ ಪಟ್ಟಿಯೂ ಸುಲಭವಾಗಿ ಸಿಗುತ್ತದೆ. ಈ ಪ್ರಾಣಿಯ ಬೇಟೆಗೆ ಹುಣ್ಣಿಮೆ ಬೇಕೇ ಬೇಕು, ಅದಕ್ಕೆ ಇದನ್ನು ಮೊದಲೇ ಹೇಳುತ್ತಿದ್ದೇನೆ.

ನಿಜವಾದ ಪ್ರಾಣಿಗಳ ಚಿತ್ರಗಳು ಬೇಕು: ಕಾಡುಮೊಲ, ರೋ ಜಿಂಕೆ, ಬೆಟ್ಟದ ಕಾಡುಕೋಳಿ. ಹಿಮದ ಮೇಲೆ ಅವುಗಳ ಹೆಜ್ಜೆಗುರುತಿನ ಚಿತ್ರಗಳಿದ್ದರೆ ಇನ್ನೂ ಒಳ್ಳೆಯದು. ಬೇರೆಯವರು ಬರೆದ ವೊಲ್ಪರ್ಟಿಂಗರ್ ಚಿತ್ರಗಳನ್ನು ಸದ್ಯಕ್ಕೆ ನೋಡಬೇಡಿ. ನೋಡಿದರೆ ಅವೇ ಕೈಗೆ ಬರುತ್ತವೆ.

ಕೊನೆಯದಾಗಿ ಒಂದು ಖಾಲಿ ಹಾಳೆ. ಅದರ ತಲೆಯಲ್ಲಿ ‘ಯಾರಿಗೆ ಏನು ಗೊತ್ತು’ ಅಂತ ಬರೆದಿಡಿ. ಎರಡನೇ ಹಂತದಲ್ಲಿ ಅದು ತುಂಬುತ್ತದೆ.

## ಹಂತ 1: ಒಂದು ಕಣಿವೆ, ಒಂದು ವರ್ಷ, ಒಂದು ಋತು

‘ಆಲ್ಪ್ಸ್ ಪರ್ವತಗಳಲ್ಲಿ ಬಹಳ ಹಿಂದೆ’ ಅಂತ ಶುರುವಾದ ಕಥೆಯನ್ನು ಉಳಿಸುವುದು ಕಷ್ಟ. ಆಲ್ಪ್ಸ್ ಒಂದೇ ಊರಲ್ಲ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಕಡೆ ದಾಹು ಎಂಬ ಪ್ರಾಣಿಯ ಮಾತಿದೆ. ಇಳಿಜಾರಿನಲ್ಲಿ ಸುತ್ತಲು ಅನುಕೂಲವಾಗಲಿ ಅಂತ ಅದಕ್ಕೆ ಒಂದು ಬದಿಯ ಕಾಲುಗಳು ಗಿಡ್ಡ. ಆಸ್ಟ್ರಿಯಾ, ಬವೇರಿಯಾ, ಸ್ವಿಟ್ಜರ್ಲೆಂಡ್ ಮೂರೂ ಕಡೆ ಟಾಟ್ಸೆಲ್‌ವುರ್ಮ್ ಎಂಬ ಹಾವಿನಂಥ ಜೀವಿಯ ಕಥೆಗಳಿವೆ. ಅದಕ್ಕೆ ಬೆಕ್ಕಿನ ಮುಖ, ಗಿಡ್ಡ ಕಾಲು. ಅದು ಹೆದರಿಸುವ ಪ್ರಾಣಿ, ಅದರ ಕಥೆಗಳಲ್ಲಿ ಸಾವೂ ಇದೆ. ವೊಲ್ಪರ್ಟಿಂಗರ್ ಬವೇರಿಯಾದ್ದು, ಅದರ ಸ್ವಭಾವವೇ ಬೇರೆ. ಮೂರನ್ನೂ ಒಂದೇ ಕಾಡಿಗೆ ಬಿಟ್ಟರೆ ಮೂರೂ ಸಪ್ಪೆಯಾಗುತ್ತವೆ.

ಕಣಿವೆ ಆರಿಸಿದ ಮೇಲೆ ವರ್ಷ ಗೊತ್ತು ಮಾಡಿ. ಇಲ್ಲಿ ರೈಲು ಮುಖ್ಯ. ತುಂಡುತುಂಡು ಜೋಡಿಸಿದ ಸತ್ತ ಪ್ರಾಣಿಗಳನ್ನು ಪ್ರವಾಸಿಗರಿಗೆ ಮಾರುವ ವ್ಯಾಪಾರ 19ನೇ ಶತಮಾನದಲ್ಲಿ ಬೆಳೆಯಿತು. ಪ್ರವಾಸಿಗರು ಬರಬೇಕಾದರೆ ದಾರಿ ಬೇಕು ಅಲ್ವಾ? ಬವೇರಿಯಾದ ಆಲ್ಪ್ಸ್‌ನಲ್ಲಿರುವ ಗಾರ್ಮಿಶ್ ಮತ್ತು ಪಾರ್ಟೆನ್‌ಕಿರ್ಷೆನ್ ಊರುಗಳಿಗೆ ರೈಲು ಬಂದದ್ದು 1889ರಲ್ಲಿ. ಅದಕ್ಕೂ ಹಿಂದಿನ ಕಥೆಯಾದರೆ ನಿಮ್ಮ ಹೊರಗಿನವನು ಕುದುರೆಗಾಡಿಯಲ್ಲೋ ನಡೆದೋ ಬರಬೇಕು, ಸುಸ್ತಾಗಿರಬೇಕು. ಈಗ ಜೋಡಿ ಹೆಸರಿನಿಂದ ಕರೆಯುವ ಈ ಊರುಗಳು ಒಂದಾದದ್ದು 1935ರಲ್ಲಿ ಎಂಬುದನ್ನೂ ನೆನಪಿಡಿ. 1892ರ ಕಥೆಯಲ್ಲಿ ಅವು ಬೇರೆ ಬೇರೆ ಊರುಗಳು, ಎರಡರ ಜನರಿಗೂ ಅದು ಚೆನ್ನಾಗಿ ಗೊತ್ತು.

ಮುಂದಿನ ಹಂತಗಳಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: 1892ರ ಅಕ್ಟೋಬರ್, ಪಾರ್ಟೆನ್‌ಕಿರ್ಷೆನ್ ಮೇಲಿನ ಕಾಡಂಚಿನ ಒಂದು ಹೋಟೆಲ್. ಪಾತ್ರಗಳು ಮೂರೇ: ಬರ್ಲಿನ್‌ನಿಂದ ಬಂದ ಗುಮಾಸ್ತ, ಹೋಟೆಲಿನಲ್ಲಿ ಕೆಲಸ ಮಾಡುವ ಊರಿನ ಹುಡುಗಿ, ವಯಸ್ಸಾದ ಅರಣ್ಯ ಕಾವಲುಗಾರ. ಅಕ್ಟೋಬರ್ ಯಾಕೆ ಅಂತ ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

## ಹಂತ 2: ಯಾರು ಯಾರಿಗೆ ಹೇಳುತ್ತಿದ್ದಾರೆ?

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಈ ಹಂತಕ್ಕೆ.

ನಮ್ಮ ಕಡೆಯ ಬೆರಕೆ ಪ್ರಾಣಿಗಳನ್ನು ನೋಡಿ ಬೆಳೆದವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಗಂಡಭೇರುಂಡ, ಶರಭ, ಯಾಳಿ ಇವೆಲ್ಲ ಬಲದ, ಭಕ್ತಿಯ ರೂಪಗಳು. ದೇವಸ್ಥಾನದ ಕಂಬದಲ್ಲಿವೆ, ರಾಜ್ಯದ ಲಾಂಛನದಲ್ಲಿವೆ. ಅದೇ ಅಭ್ಯಾಸದಲ್ಲಿ ವೊಲ್ಪರ್ಟಿಂಗರ್‌ಗೂ ಒಂದು ಪವಿತ್ರತೆ ಅಂಟಿಸಿ ‘ಕಾಡಿನ ರಕ್ಷಕ’ ಮಾಡಿಬಿಡುತ್ತಾರೆ. ಅದು ಹೊಂದುವುದಿಲ್ಲ. ವೊಲ್ಪರ್ಟಿಂಗರ್ ಇರುವ ಜಾಗ ಹೋಟೆಲಿನ ಗೋಡೆ, ಅಂಗಡಿಯ ಕಪಾಟು, ಬಿಯರ್ ಮೇಜಿನ ಮಾತು. ಊರಿನವರು ಗಂಭೀರ ಮುಖ ಮಾಡಿಕೊಂಡು ಹೊರಗಿನವನಿಗೆ ಹೇಳುತ್ತಾರೆ. ಅವನು ನಂಬಿದರೆ ಕೈಗೆ ಗೋಣಿಚೀಲ ಕೊಟ್ಟು ರಾತ್ರಿ ಕಾಡಿಗೆ ಕಳಿಸುತ್ತಾರೆ. ಮ್ಯೂನಿಕ್‌ನ ಬೇಟೆ ಮತ್ತು ಮೀನುಗಾರಿಕೆ ಮ್ಯೂಸಿಯಂನಲ್ಲಿ ಕೂಡ ಜೋಡಿಸಿ ಮಾಡಿದ ವೊಲ್ಪರ್ಟಿಂಗರ್‌ಗಳನ್ನು ನಿಜವಾದ ಪ್ರಾಣಿಗಳ ಜೊತೆಗೇ ಪ್ರದರ್ಶನಕ್ಕೆ ಇಟ್ಟಿದ್ದಾರೆ.

ಹಾಗಾಗಿ ಈ ಪ್ರಾಣಿ ಕಥೆಗೆ ಬಂದ ಕೂಡಲೇ ಜನ ಎರಡು ಗುಂಪಾಗುತ್ತಾರೆ: ಗುಟ್ಟು ತಿಳಿದವರು, ತಿಳಿಯದವರು. ನಿಮ್ಮ ಕಥೆಯ ಎಳೆತ ಅಲ್ಲಿಂದ ಹುಟ್ಟಬೇಕು. ಖಾಲಿ ಹಾಳೆ ತೆಗೆದುಕೊಂಡು ಪ್ರತಿ ಪಾತ್ರದ ಮುಂದೆ ಮೂರು ವಿಷಯ ಬರೆಯಿರಿ.

ಮೊದಲನೆಯದು, ಅವರು ಏನನ್ನು ನಂಬುತ್ತಾರೆ. ಎರಡನೆಯದು, ಏನನ್ನು ನಂಬಿದಂತೆ ನಟಿಸುತ್ತಾರೆ. ಮೂರನೆಯದು, ಈ ನಟನೆಯಿಂದ ಅವರಿಗೆ ಏನು ಸಿಗುತ್ತದೆ.

ನಮ್ಮ ಉದಾಹರಣೆಯಲ್ಲಿ ಗುಮಾಸ್ತ ಪ್ರಾಣಿಯನ್ನು ನಂಬುವುದಿಲ್ಲ. ಆದರೆ ನಂಬಿದಂತೆ ನಟಿಸುತ್ತಾನೆ. ಯಾಕೆಂದರೆ ಆ ಮೇಜಿನಲ್ಲಿ ಅವನ ಜೊತೆ ಯಾರಾದರೂ ಮಾತಾಡುವುದು ಆ ಒಂದು ವಿಷಯಕ್ಕೆ ಮಾತ್ರ. ಹುಡುಗಿಗೆ ಪ್ರಾಣಿ ಸುಳ್ಳು ಅಂತ ಗೊತ್ತು, ಗೋಡೆಯ ಮೇಲಿರುವುದಕ್ಕೆ ರೆಕ್ಕೆ ಹೊಲಿಯುವಾಗ ಅವಳೇ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದಾಳೆ. ಕಾವಲುಗಾರ ಎಲ್ಲರಿಗಿಂತ ಜೋರಾಗಿ ತಮಾಷೆ ಮಾಡುತ್ತಾನೆ. ಆದರೆ ಒಂದು ಇಳಿಜಾರಿಗೆ ಮಾತ್ರ ಯಾರನ್ನೂ ಕರೆದೊಯ್ಯುವುದಿಲ್ಲ.

ನೋಡಿ, ಪ್ರಾಣಿ ಇನ್ನೂ ಬಂದಿಲ್ಲ. ಆದರೂ ಕಥೆ ಶುರುವಾಗಿದೆ.

ಇಲ್ಲಿ ಎಚ್ಚರಿಕೆಯ ಸೂಚನೆ ಒಂದಿದೆ. ಮೂರನೇ ಸಾಲಿನಲ್ಲಿ ಎಲ್ಲ ಪಾತ್ರಗಳಿಗೂ ‘ಮಜಾ ಸಿಗುತ್ತದೆ’ ಅಂತಲೇ ಬರೆದಿದ್ದರೆ ನಿಲ್ಲಿಸಿ. ಮಜಾ ಸಾಲದು. ಹಣ, ಸೇರಿಸಿಕೊಳ್ಳುವಿಕೆ, ಸೇಡು, ಮುಚ್ಚಿಡಬೇಕಾದ ಇನ್ನೊಂದು ವಿಷಯ, ಇವುಗಳಲ್ಲಿ ಒಂದಾದರೂ ಇರಬೇಕು. ಆ ಕಾಲದ ಬವೇರಿಯಾದ ಕಾಡಿನಲ್ಲಿ ಕಳ್ಳಬೇಟೆ ದೊಡ್ಡ ವಿಷಯವಾಗಿತ್ತು. ಗೇಯೊರ್ಗ್ ಯೆನ್ನರ್‌ವೈನ್ ಎಂಬ ಕಳ್ಳಬೇಟೆಗಾರ 1877ರಲ್ಲಿ ಗುಂಡೇಟಿಗೆ ಸತ್ತ ಮೇಲೆ ಜನರ ಹಾಡು, ಕಥೆಗಳಲ್ಲಿ ನಾಯಕನೇ ಆಗಿಬಿಟ್ಟ. ರಾತ್ರಿ ಕಾಡಿನಲ್ಲಿ ದೀಪ ಕಂಡರೆ ‘ವೊಲ್ಪರ್ಟಿಂಗರ್ ಹಿಡಿಯೋರು’ ಅಂತ ಹೇಳಿ ಮುಗಿಸಿಬಿಡುವುದು ಯಾರಿಗೆ ಅನುಕೂಲ? ಇಂಥ ಪ್ರಶ್ನೆ ಕೇಳಿಕೊಂಡರೆ ಹಾಳೆ ತಾನಾಗಿ ತುಂಬುತ್ತದೆ.

## ಹಂತ 3: ಸುಳ್ಳೋ, ನಿಜವೋ, ತೀರ್ಮಾನ ಮಾಡಿ

ಓದುಗರಿಗೆ ಹೇಳುವುದು ಬಿಡುವುದು ಆಮೇಲಿನ ಮಾತು. ನಿಮಗೆ ಮಾತ್ರ ಗೊತ್ತಿರಲೇಬೇಕು.

ಮೂರು ದಾರಿಗಳಿವೆ. ಪ್ರಾಣಿ ಪೂರ್ತಿ ಸುಳ್ಳು ಅನ್ನುವುದು ಮೊದಲನೆಯದು. ಆಗ ಕಥೆ ಮನುಷ್ಯರದ್ದು, ಮೋಸದ್ದು. ಎರಡನೆಯದರಲ್ಲಿ ಪ್ರಾಣಿ ನಿಜ, ಎಲ್ಲರಿಗೂ ಗೊತ್ತು, ನಾಯಿ ಬೆಕ್ಕಿನ ಹಾಗೆ ಅದೂ ಒಂದು. ಮಕ್ಕಳ ಕಥೆಗೆ ಇದು ಚೆನ್ನ. ಮೂರನೆಯದು ಕಷ್ಟದ್ದು, ನನಗೆ ಇಷ್ಟವಾದದ್ದು: ಊರಿನ ತಮಾಷೆ ಸುಳ್ಳು, ಆದರೆ ಆ ತಮಾಷೆಯ ಹಿಂದೆ ನಿಜವಾದ ಒಂದು ಪ್ರಾಣಿ ಅಡಗಿದೆ. ಗೋಡೆಯ ಮೇಲಿನ ಹೊಲಿದ ಬೊಂಬೆಗಳನ್ನು ನೋಡಿ ನಕ್ಕವರು ಯಾರೂ ಕಾಡಿನಲ್ಲಿ ಹುಡುಕುವುದಿಲ್ಲ. ಅಷ್ಟರಮಟ್ಟಿಗೆ ಸುಳ್ಳೇ ಅದಕ್ಕೆ ಬೇಲಿ.

ಬಹಳ ಜನ ಮೊದಲನೆಯ ದಾರಿಯಲ್ಲಿ ಶುರು ಮಾಡಿ ಕೊನೆಯ ಪುಟದಲ್ಲಿ ‘ಅಷ್ಟರಲ್ಲಿ ಪೊದೆ ಅಲುಗಾಡಿತು’ ಅಂತ ಮುಗಿಸುತ್ತಾರೆ. ಇದು ಮೂರನೆಯ ದಾರಿಯಲ್ಲ. ತೀರ್ಮಾನವನ್ನು ಮುಂದೂಡಿದ್ದು ಅಷ್ಟೆ. ಪೊದೆ ಅಲುಗಾಡಬೇಕಾದರೆ ಅದರ ಗುರುತುಗಳು ಕಥೆಯ ಮಧ್ಯದಲ್ಲೇ ಬಿದ್ದಿರಬೇಕು.

## ಹಂತ 4: ಈಗ ಮೈ ಕಟ್ಟಿ

ನಿಯಮ ಒಂದೇ: ಆ ಕಣಿವೆಯಲ್ಲಿ, ಆ ಎತ್ತರದಲ್ಲಿ ನಿಜವಾಗಿ ಬದುಕುವ ಪ್ರಾಣಿಗಳಿಂದ ಮಾತ್ರ ತೆಗೆದುಕೊಳ್ಳಿ. ಮೂರಕ್ಕಿಂತ ಜಾಸ್ತಿ ಬೇಡ.

ಮೊಲದಿಂದ ಶುರು ಮಾಡಿ. ಕೆಳಗಿನ ಹೊಲಗಳ ಕಾಡುಮೊಲ ಸಾಮಾನ್ಯವಾಗಿ 3ರಿಂದ 5 ಕೆಜಿ ತೂಗುತ್ತದೆ. ಎತ್ತರದಲ್ಲಿ ಇರುವುದು ಬೆಟ್ಟದ ಮೊಲ. ಅದು ಸ್ವಲ್ಪ ಚಿಕ್ಕದು, ಚಳಿಗಾಲದಲ್ಲಿ ಬೆಳ್ಳಗಾಗುತ್ತದೆ, ಬೇಸಿಗೆಯಲ್ಲಿ ಕಂದು ಬೂದು. ನಿಮ್ಮ ಪ್ರಾಣಿ ಯಾವ ಮೊಲ ಎಂಬುದರ ಮೇಲೆ ಹಿಮದಲ್ಲಿ ಅದು ಕಾಣುತ್ತದೋ ಇಲ್ಲವೋ ಎಂಬುದು ನಿಂತಿದೆ.

ರೆಕ್ಕೆಯ ವಿಷಯದಲ್ಲಿ ಎಲ್ಲರೂ ಫೆಸೆಂಟ್ ಹಕ್ಕಿಗೆ ಹೋಗುತ್ತಾರೆ, ಜೋಡಿಸಿದ ಬೊಂಬೆಗಳಲ್ಲಿ ಅದೇ ಜಾಸ್ತಿ. ಆದರೆ ಫೆಸೆಂಟ್ ತಗ್ಗಿನ ಹೊಲಗಳ ಹಕ್ಕಿ. ಎತ್ತರದ ಕಾಡಿನ ಹಕ್ಕಿ ಬೇಕಾದರೆ ಅಲ್ಲಿನವರು ಆವರ್‌ಹಾನ್ ಅನ್ನುವ ದೊಡ್ಡ ಕಪ್ಪು ಕಾಡುಕೋಳಿ ಇದೆ. ಗಂಡು 4 ಕೆಜಿಗೂ ಮೇಲೆ ತೂಗುತ್ತದೆ, ವಸಂತದಲ್ಲಿ ಬೆಳಗಿನ ಜಾವ ಕೂತು ಕೂಗುತ್ತದೆ. ಈ ವ್ಯತ್ಯಾಸವನ್ನು ಕಥೆಯೊಳಗೇ ಬಳಸಬಹುದು. ಹೋಟೆಲಿನ ಗೋಡೆಯ ಬೊಂಬೆಗೆ ಫೆಸೆಂಟ್ ರೆಕ್ಕೆ, ಕಾಡಿನಲ್ಲಿ ಸಿಕ್ಕ ಗರಿ ಮಾತ್ರ ಕಪ್ಪು. ಗಮನಿಸುವ ಓದುಗರು ಅಲ್ಲಿ ತಟ್ಟನೆ ನಿಲ್ಲುತ್ತಾರೆ. ಕಥೆ ಇವತ್ತಿನದಾದರೆ, ಬೊಂಬೆ ಮಾಡುವವನು ಗೂಬೆ, ಗಿಡುಗದ ರೆಕ್ಕೆಗೆ ಕೈ ಹಾಕುವಂತಿಲ್ಲ. ಅವುಗಳಿಗೆ ಕಾನೂನಿನ ಕಟ್ಟುನಿಟ್ಟಿನ ರಕ್ಷಣೆ ಇದೆ.

ಇನ್ನು ತೂಕ. ಫೆಸೆಂಟಿನ ಹುಂಜ ಒಂದೂವರೆ ಕೆಜಿ ಇದ್ದರೆ ಹೆಚ್ಚು. ಅದರ ರೆಕ್ಕೆ 4 ಕೆಜಿಯ ಮೊಲವನ್ನು ಆಕಾಶಕ್ಕೆ ಒಯ್ಯಲಾರದು. ಹಾಗಾಗಿ ಪೂರ್ತಿ ಹಾರಿಸಬೇಡಿ. ಇಳಿಜಾರಿನಲ್ಲಿ ಓಡಿ ಬಂದು ನೆಗೆದಾಗ ಇನ್ನೊಂದಿಷ್ಟು ದೂರ ತೇಲಲಿ. ಹತ್ತುವಾಗ ರೆಕ್ಕೆ ಭಾರವಾಗಲಿ, ಒದ್ದೆಯಾದರೆ ಎಳೆದುಕೊಂಡು ಹೋಗಲಿ. ಬೆರಕೆ ಪ್ರಾಣಿಯ ಪ್ರತಿ ಅಂಗವೂ ಒಂದು ಅನುಕೂಲ ಮತ್ತು ಒಂದು ಕಷ್ಟ ತರಬೇಕು. ಅನುಕೂಲ ಮಾತ್ರ ಬರೆದವರ ಪ್ರಾಣಿ ಮಕ್ಕಳ ಆಟಿಕೆಯ ಹಾಗೆ ಹಗುರವಾಗಿರುತ್ತದೆ.

ಕೊಂಬಿಗೆ ಸ್ವಲ್ಪ ಹೊತ್ತು ನಿಲ್ಲೋಣ, ಇಲ್ಲಿ ಸಿಗುವಷ್ಟು ಕಥೆ ಬೇರೆಲ್ಲೂ ಸಿಗುವುದಿಲ್ಲ. ವೊಲ್ಪರ್ಟಿಂಗರ್‌ಗೆ ಇಡುವುದು ರೋ ಜಿಂಕೆಯ ಕೊಂಬು. ಅದು ಯುರೋಪಿನ ಚಿಕ್ಕ ಜಿಂಕೆ, ಬೆಳೆದ ಗಂಡಿಗೆ ಒಂದೊಂದು ಕೊಂಬಿನಲ್ಲಿ ಸಾಮಾನ್ಯವಾಗಿ ಮೂರು ತುದಿ, ಅಷ್ಟೇ. ಹತ್ತು ಕವಲಿನ ಭಾರಿ ಕೊಂಬು ಕೆಂಪು ಜಿಂಕೆಯದು, ಅದನ್ನು ಮೊಲದ ತಲೆಗೆ ಇಡಬೇಡಿ. ಈ ಕೊಂಬು ದನದ ಕೊಂಬಿನಂತೆ ಜೀವಮಾನವಿಡೀ ಇರುವುದಿಲ್ಲ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಕಳಚಿ ಬೀಳುತ್ತದೆ. ಚಳಿಗಾಲದಲ್ಲಿ ಮೃದುವಾದ ಚರ್ಮದ ಹೊದಿಕೆಯೊಳಗೆ ಮತ್ತೆ ಬೆಳೆಯುತ್ತದೆ. ವಸಂತದಲ್ಲಿ ಗಿಡಗಳಿಗೆ ಉಜ್ಜಿ ಆ ಹೊದಿಕೆಯನ್ನು ಕಿತ್ತು ಹಾಕುತ್ತದೆ.

ಹಾಗಾದರೆ ನಿಮ್ಮ ಪ್ರಾಣಿ ಡಿಸೆಂಬರಿನಲ್ಲಿ ಬೋಳುತಲೆ. ಕ್ರಿಸ್‌ಮಸ್ ಕಥೆಯಲ್ಲಿ ಚೂಪು ಕೊಂಬಿನ ವೊಲ್ಪರ್ಟಿಂಗರ್ ಬಂದರೆ ಬೇಟೆ ಗೊತ್ತಿರುವ ಓದುಗರು ಪುಸ್ತಕ ಮುಚ್ಚುತ್ತಾರೆ. ಅದೇ ನೀವು ಅಕ್ಟೋಬರ್ ಆರಿಸಿಕೊಂಡರೆ ಒಂದು ಒಳ್ಳೆಯ ಸಾಕ್ಷಿ ಕೈಗೆ ಬರುತ್ತದೆ. ತಾನಾಗಿ ಕಳಚಿದ ಕೊಂಬಿನ ಬುಡ ಉಬ್ಬಿರುತ್ತದೆ, ಸುತ್ತಲೂ ಗಂಟುಗಂಟಾದ ಉಂಗುರ ಇರುತ್ತದೆ, ಗರಗಸದ ಗುರುತು ಇರುವುದಿಲ್ಲ. ಬೊಂಬೆ ಮಾಡುವವನು ಬಳಸುವುದು ಸತ್ತ ಜಿಂಕೆಯ ತಲೆಬುರುಡೆಯಿಂದ ಕುಯ್ದ ಕೊಂಬನ್ನು. ನಮ್ಮ ಗುಮಾಸ್ತನಿಗೆ ಕಾಡಿನಲ್ಲಿ ಕಿರುಬೆರಳಷ್ಟು ಉದ್ದದ, ಮೂರು ತುದಿಯ ಕೊಂಬೊಂದು ಸಿಗಲಿ. ಅಷ್ಟು ಚಿಕ್ಕ ಕೊಂಬಿಗೆ ಮೂರು ತುದಿ ಬರಬೇಕಾದರೆ ಅದು ಮರಿ ಜಿಂಕೆಯದಲ್ಲ. ಬುಡದಲ್ಲಿ ಉಂಗುರ ಇದೆ. ಅವನಿಗೆ ಇದರ ಅರ್ಥ ಗೊತ್ತಿಲ್ಲ, ಹೋಟೆಲಿನ ಮೇಜಿನ ಮೇಲೆ ನಗುತ್ತಾ ಇಡುತ್ತಾನೆ. ಕಾವಲುಗಾರ ಅದನ್ನು ತಿರುಗಿಸಿ ಬುಡ ನೋಡುತ್ತಾನೆ. ಮಾತು ನಿಲ್ಲಿಸುತ್ತಾನೆ.

ಹಲ್ಲಿನ ಬಗ್ಗೆ ಎರಡೇ ಮಾತು. ಕೋರೆಹಲ್ಲು ಇಟ್ಟರೆ ಅದು ಏನನ್ನಾದರೂ ಕಚ್ಚಬೇಕು. ಕಚ್ಚದಿದ್ದರೆ ತೆಗೆದುಬಿಡಿ.

## ಹಂತ 5: ಹಿಡಿಯುವ ನಿಯಮಗಳನ್ನು ಆರಿಸಿ

ಜನಪದದಲ್ಲಿ ವೊಲ್ಪರ್ಟಿಂಗರ್ ಹಿಡಿಯಲು ಬೇಕಾದ ಸಾಮಾನು ಹೀಗಿದೆ: ಮೇಣದಬತ್ತಿ, ಗೋಣಿಚೀಲ, ಒಂದು ಕೋಲು, ಒಂದು ಸಲಿಕೆ. ಹುಣ್ಣಿಮೆ ರಾತ್ರಿ ಚೀಲದ ಬಾಯನ್ನು ಕೋಲಿನಿಂದ ತೆರೆದಿಡಬೇಕು. ಮುಂದೆ ಬತ್ತಿ ಹಚ್ಚಿಡಬೇಕು. ಬೆಳಕಿಗೆ ಪ್ರಾಣಿ ಹತ್ತಿರ ಬಂದಾಗ ಸಲಿಕೆಯಿಂದ ಚೀಲದೊಳಗೆ ಅಟ್ಟಬೇಕು. ಬಾಲಕ್ಕೆ ಉಪ್ಪು ಹಾಕಿದರೆ ಸಿಗುತ್ತದೆ ಅನ್ನುವ ಮಾತೂ ಇದೆ. ಚೆಲುವೆಯಾದ ಯುವತಿ ಜೊತೆಗಿದ್ದರೆ ಮಾತ್ರ ಕಾಣಿಸಿಕೊಳ್ಳುತ್ತದೆ, ಅವಳು ಎದೆಯ ಬಟ್ಟೆ ಸರಿಸಿದರೆ ಮರುಳಾಗಿ ನಿಂತುಬಿಡುತ್ತದೆ ಎಂಬುದು ಇನ್ನೊಂದು ಬಗೆ.

ಎಲ್ಲವನ್ನೂ ತುರುಕಬೇಡಿ. ಒಂದು ಅಥವಾ ಎರಡು ನಿಯಮ ಆರಿಸಿ, ಅವನ್ನು ಪೂರ್ತಿ ಬಳಸಿ.

ಯುವತಿಯ ನಿಯಮ ಬಳಸುವವರಿಗೆ ಒಂದು ಮಾತು. ಅದು ಗಂಡಸರ ಮೇಜಿನ ತಮಾಷೆ. ಹಾಗೇ ಎತ್ತಿ ಹಾಕಿದರೆ ಕಥೆಯೂ ಆ ಮೇಜಿನಲ್ಲೇ ಕೂತುಬಿಡುತ್ತದೆ. ಅವಳ ಕಣ್ಣಿನಿಂದ ಬರೆಯಿರಿ. ತನ್ನನ್ನು ಕಾಡಿಗೆ ಕರೆದೊಯ್ಯಲು ಹೂಡಿದ ನೆಪ ಅಂತ ಅವಳಿಗೆ ಗೊತ್ತು. ಆದರೂ ಹೋಗುತ್ತಾಳೆ, ಯಾಕೆಂದರೆ ಆ ಕಾಡು ಅವಳಿಗೆ ಅವರೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅಲ್ಲಿಂದ ಕಥೆ ಎತ್ತ ಬೇಕಾದರೂ ಹೋಗಬಹುದು.

ಹುಣ್ಣಿಮೆಯ ಬಗ್ಗೆ ಲೆಕ್ಕ ಸರಿಯಿರಲಿ. ಚಳಿಗಾಲದ ಹುಣ್ಣಿಮೆ ಚಂದ್ರ ಆಕಾಶದಲ್ಲಿ ಬಹಳ ಮೇಲಕ್ಕೆ ಏರುತ್ತಾನೆ, ಬೇಸಿಗೆಯಲ್ಲಿ ಕೆಳಗೇ ಸಾಗುತ್ತಾನೆ. ಕಡಿದಾದ ಕಣಿವೆಯಲ್ಲಿ ಬೆಟ್ಟದ ಏಣು ಅಡ್ಡ ಬರುವುದರಿಂದ ಬೇಸಿಗೆ ಚಂದ್ರ ತಳದವರಿಗೆ ತಡವಾಗಿ ಕಾಣಬಹುದು, ಬೇಗ ಮರೆಯಾಗಲೂಬಹುದು. ಭೂಪಟ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಬೆಳಕಿಲ್ಲದೆ ಕಾಯುವ ಆ ಹೊತ್ತು ನಿಮ್ಮ ಪಾತ್ರಗಳು ಮಾತಾಡಲು ಒಳ್ಳೆಯ ಸಮಯ.

ದಕ್ಷಿಣದಿಂದ ಬೆಟ್ಟ ದಾಟಿ ಬೀಸುವ ಫ್ಯೋನ್ ಎಂಬ ಬಿಸಿ ಒಣ ಗಾಳಿಯನ್ನೂ ಬಳಸಿಕೊಳ್ಳಿ. ಅದು ಬೀಸಿದಾಗ ದೂರದ ಶಿಖರಗಳು ಪಕ್ಕದಲ್ಲೇ ಇದ್ದಂತೆ ಕಾಣುತ್ತವೆ. ತಲೆನೋವು, ಸಿಡುಕು ಎಲ್ಲಕ್ಕೂ ಜನ ಅದನ್ನೇ ದೂರುತ್ತಾರೆ. ವಿಚಿತ್ರವಾದದ್ದು ಕಂಡೆ ಅಂದವನಿಗೆ ‘ಫ್ಯೋನ್ ಬೀಸ್ತಿತ್ತಲ್ಲ’ ಅಂತ ಊರಿನವರು ಹೇಳಿ ಸುಮ್ಮನಾಗಿಸಬಹುದು.

ಕ್ರಿಸ್‌ಮಸ್ ಆಸುಪಾಸಿನಿಂದ ಜನವರಿ 6ರವರೆಗಿನ ರೌನೆಖ್ಟೆ ಎಂಬ ರಾತ್ರಿಗಳು, ಆಗ ಜನ ಹಾಕಿಕೊಳ್ಳುವ ಪೆರ್ಖ್ಟೆನ್ ಎಂಬ ಭಯಂಕರ ಮುಖವಾಡಗಳು ಇವನ್ನು ಮಾತ್ರ ಸುಮ್ನೆ ಅಲಂಕಾರಕ್ಕೆ ಎಳೆದು ತರಬೇಡಿ. ಅವು ಭಯದ, ಆಚರಣೆಯ ಲೋಕ. ವೊಲ್ಪರ್ಟಿಂಗರ್‌ನ ಲೋಕ ಅದಲ್ಲ.

## ಹಂತ 6: ಪ್ರಾಣಿಗಿಂತ ಮುಂಚೆ ಗುರುತುಗಳು

ಪ್ರಾಣಿ ಕಾಣುವ ಮುಂಚೆ ಕನಿಷ್ಠ ಮೂರು ಗುರುತುಗಳನ್ನು ಬಿಡಿ. ಪ್ರತಿಯೊಂದಕ್ಕೂ ಎರಡು ವಿವರಣೆ ಸಾಧ್ಯವಿರಬೇಕು: ಒಂದು ಸಾಮಾನ್ಯವಾದದ್ದು, ಇನ್ನೊಂದು ಅಲ್ಲ.

ಹಿಮದಲ್ಲಿ ಓಡುವ ಮೊಲದ ಹೆಜ್ಜೆಗುರುತು ಸುಲಭವಾಗಿ ಗುರುತು ಸಿಗುತ್ತದೆ. ಮುಂಗಾಲಿನ ಎರಡು ಚಿಕ್ಕ ಗುರುತು ಒಂದರ ಹಿಂದೆ ಒಂದು, ಅವುಗಳ ಮುಂದೆ ಹಿಂಗಾಲಿನ ಎರಡು ಉದ್ದ ಗುರುತು ಅಕ್ಕಪಕ್ಕ. ಆ ಸಾಲು ಇದ್ದಕ್ಕಿದ್ದಂತೆ ನಿಲ್ಲಲಿ, ಎರಡೂ ಬದಿಯಲ್ಲಿ ಗರಿ ಸವರಿದ ಗೀರು ಇರಲಿ. ದೊಡ್ಡ ಹದ್ದು ಮೊಲವನ್ನು ಹೊತ್ತೊಯ್ದರೂ ಗುರುತು ಹಾಗೇ ಕಾಣುತ್ತದೆ. ಆದರೆ ಸ್ವಲ್ಪ ಕೆಳಗೆ ಅದೇ ಹೆಜ್ಜೆ ಮತ್ತೆ ಶುರುವಾದರೆ?

ವಸಂತದ ಕಥೆಯಾದರೆ ಎಳೆಯ ಗಿಡಗಳ ತೊಗಟೆ ನೋಡಿ. ಗಂಡು ಜಿಂಕೆ ಕೊಂಬು ಉಜ್ಜಿದ ಗಾಯ ಅದರ ತಲೆಯ ಎತ್ತರಕ್ಕೆ ಇರುತ್ತದೆ. ನಿಮ್ಮದು ನೆಲದಿಂದ ಒಂದು ಗೇಣಿನಷ್ಟೇ ಮೇಲಿರಲಿ.

ಸದ್ದನ್ನು ಮರೆಯಬೇಡಿ. ರೋ ಜಿಂಕೆ ಗಾಬರಿಯಾದಾಗ ನಾಯಿ ಬೊಗಳಿದಂತೆ ಕೂಗುತ್ತದೆ. ಮೊಲ ಸಾಮಾನ್ಯವಾಗಿ ಸದ್ದೇ ಮಾಡುವುದಿಲ್ಲ, ಪ್ರಾಣಸಂಕಟದಲ್ಲಿ ಮಗು ಚೀರಿದಂತೆ ಚೀರುತ್ತದೆ. ಬೊಗಳುವ ಸದ್ದು ಹುಲ್ಲಿನ ಮಟ್ಟದಿಂದ ಬಂದರೆ ಕತ್ತಲಲ್ಲಿ ನಿಂತವರ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಕೊಂಬಿನ ಮೊಲಕ್ಕೆ ಸಾಮಾನ್ಯವಾದ ವಿವರಣೆಯೂ ಇದೆ. ಮೊಲಗಳಿಗೆ ತಗುಲುವ ಒಂದು ವೈರಸ್‌ನಿಂದ ತಲೆ, ಮುಖದ ಮೇಲೆ ಕೊಂಬಿನಂಥ ಗಡ್ಡೆಗಳು ಬೆಳೆಯುತ್ತವೆ. ಅಮೆರಿಕದ ಮೊಲಗಳಲ್ಲಿ ರಿಚರ್ಡ್ ಶೋಪ್ ಎಂಬ ವಿಜ್ಞಾನಿ ಇದನ್ನು 1933ರಲ್ಲಿ ವಿವರಿಸಿದರು. ಕೊಂಬಿರುವ ಮೊಲದ ಚಿತ್ರಗಳನ್ನು ಯುರೋಪಿನವರು 16ನೇ ಶತಮಾನದಲ್ಲೇ ಬರೆದಿದ್ದರು. ಕಥೆ 1933ರ ನಂತರದ್ದಾದರೆ ನಿಮ್ಮ ಪಶುವೈದ್ಯ ಪಾತ್ರ ಈ ಮಾತು ಆಡಬಹುದು. 1892ರಲ್ಲಿ ಯಾರೂ ಆಡುವಂತಿಲ್ಲ. ಇದೊಂದು ತಪ್ಪು ಹಳೆಯ ಕಾಲದ ಕಥೆಗಳಲ್ಲಿ ಮತ್ತೆ ಮತ್ತೆ ನುಸುಳುತ್ತದೆ.

## ಹಂತ 7: ಕಾಣಿಸುವ ದೃಶ್ಯ

ಮೊದಲು ಕೆಟ್ಟ ರೀತಿ ನೋಡಿ:

‘ಪೊದೆಯಿಂದ ಮೊಲದ ದೇಹ, ಜಿಂಕೆಯ ಕೊಂಬು, ಹಕ್ಕಿಯ ರೆಕ್ಕೆ ಮತ್ತು ಚೂಪಾದ ಹಲ್ಲುಗಳಿರುವ ವಿಚಿತ್ರ ಪ್ರಾಣಿಯೊಂದು ಹೊರಬಂತು. ಅವಳು ಬೆರಗಾಗಿ ನಿಂತಳು.’

ಇಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಪಟ್ಟಿ ಓದಿದೆವು ಅಷ್ಟೆ. ‘ವಿಚಿತ್ರ’, ‘ಬೆರಗು’ ಎರಡೂ ಓದುಗರು ಮಾಡಬೇಕಾದ ಕೆಲಸವನ್ನು ಕಿತ್ತುಕೊಂಡಿವೆ.

ಈಗ ಇನ್ನೊಂದು ರೀತಿ:

‘ಮೊಲ ಅಂದುಕೊಂಡಳು. ಅದು ತಲೆ ತಗ್ಗಿಸಿ ಬೇಲಿಯ ಕೆಳಗೆ ನುಸುಳಲು ಹೋಯಿತು. ಏನೋ ತಂತಿಗೆ ತಾಗಿ ಟಿಕ್ಕೆಂದಿತು. ಎರಡು ಹೆಜ್ಜೆ ಹಿಂದೆ ಬಂತು. ತಲೆಯನ್ನು ಓರೆ ಮಾಡಿಕೊಂಡು ಮತ್ತೆ ನುಸುಳಿತು, ದಿನಾ ಮಾಡಿ ಗೊತ್ತಿದ್ದ ಹಾಗೆ. ಆಚೆ ಬದಿಯಲ್ಲಿ ನಿಂತು ಬೆನ್ನು ಕೊಡವಿತು. ಬೆನ್ನಿನ ಮೇಲೆ ಮಡಚಿಕೊಂಡಿದ್ದದ್ದು ಒಮ್ಮೆ ಬಿಚ್ಚಿ ಮತ್ತೆ ಮಡಚಿತು.’

ಇಲ್ಲಿ ಮೂರು ಕೆಲಸ ನಡೆದಿದೆ. ಪಾತ್ರ ಮೊದಲು ಸಾಮಾನ್ಯ ಪ್ರಾಣಿ ಅಂದುಕೊಂಡಿದೆ. ಅಂಗವನ್ನು ಹೆಸರಿಸುವ ಬದಲು ಅದು ತರುವ ತೊಂದರೆಯನ್ನು ತೋರಿಸಿದೆ. ಪ್ರಾಣಿಗೆ ಆ ತೊಂದರೆ ಹೊಸದಲ್ಲ, ಅದರ ಬದುಕು ಅದು.

ದೃಶ್ಯ ಗಿಡ್ಡವಾಗಿರಲಿ. ಬೆಳಕು ಒಂದೇ ಕಡೆಯಿಂದ ಬರಲಿ. ಪ್ರಾಣಿ ಮನುಷ್ಯರ ಕಡೆ ನೋಡಲೇಬೇಕೆಂದಿಲ್ಲ. ಅದು ಕಣ್ಣಲ್ಲಿ ಕಣ್ಣಿಟ್ಟು ನೋಡಿ ‘ಏನೋ ಹೇಳಿದಂತೆ’ ಆದ ಕೂಡಲೇ ಅದು ಕಾಡುಪ್ರಾಣಿಯಾಗಿ ಉಳಿಯುವುದಿಲ್ಲ.

## ಹಂತ 8: ಕನ್ನಡದಲ್ಲಿ ಅವರ ಮಾತು

ಬವೇರಿಯಾದ ಹಳ್ಳಿಯವರಿಗೆ ಕನ್ನಡದ ಯಾವ ಊರಿನ ಆಡುಮಾತು ಕೊಡಬೇಕು ಅಂತ ಹಲವರು ಒದ್ದಾಡುತ್ತಾರೆ. ಧಾರವಾಡದ್ದೋ ಕುಂದಾಪುರದ್ದೋ ಕೊಟ್ಟರೆ ಓದುಗರ ಮನಸ್ಸಿಗೆ ಆ ಊರೇ ಬರುತ್ತದೆ, ಆಲ್ಪ್ಸ್ ಅಲ್ಲಿಂದ ಹೋಗುತ್ತದೆ. ಸರಳ ಆಡುಗನ್ನಡ ಇಡಿ. ಊರಿನವರದು ಗಿಡ್ಡ ವಾಕ್ಯ, ಬರ್ಲಿನ್ ಗುಮಾಸ್ತನದು ಸ್ವಲ್ಪ ಪುಸ್ತಕದ ಕನ್ನಡ. ವ್ಯತ್ಯಾಸ ಕೇಳಿಸಲು ಅಷ್ಟು ಸಾಕು.

‘ನೀನು’, ‘ನೀವು’ ಬಳಕೆಯಲ್ಲಿ ಕನ್ನಡಕ್ಕೆ ಇಲ್ಲಿ ನಿಜವಾದ ಅನುಕೂಲವಿದೆ. ಜರ್ಮನ್‌ನಲ್ಲೂ ಈ ಎರಡು ಬಗೆ ಇದೆ. ಬೆಟ್ಟ ಹತ್ತುವವರ ಒಂದು ರೂಢಿಯೂ ಇದೆ: 1,000 ಮೀಟರ್ ಎತ್ತರ ದಾಟಿದ ಮೇಲೆ ಅಪರಿಚಿತರೂ ಏಕವಚನದಲ್ಲೇ ಮಾತಾಡುತ್ತಾರೆ. ಹೋಟೆಲಿನಲ್ಲಿ ಕಾವಲುಗಾರ ಗುಮಾಸ್ತನಿಗೆ ‘ನೀವು’ ಅನ್ನಲಿ. ಆ ಕೊಂಬಿನ ಬುಡ ನೋಡಿದ ಮರುದಿನ, ಮೇಲಿನ ದಾರಿಯಲ್ಲಿ, ‘ಎಲ್ಲಿ ಸಿಕ್ತು ಅಂತ ನಿನಗೆ ನೆನಪಿದೆಯಾ?’ ಅಂತ ಕೇಳಲಿ. ಬದಲಾವಣೆಯನ್ನು ವಿವರಿಸಿ ಬರೆಯಬೇಡಿ. ಎತ್ತರದ ರೂಢಿಯೋ, ಸಲಿಗೆಯೋ, ಬೆದರಿಕೆಯೋ, ಗುಮಾಸ್ತನೇ ಯೋಚಿಸಲಿ.

ಜರ್ಮನ್ ಪದಗಳನ್ನು ಸಾಲಿಗೆ ಎರಡರಂತೆ ಚೆಲ್ಲಬೇಡಿ. ಪ್ರಾಣಿಯ ಹೆಸರು, ಊರಿನ ಹೆಸರು, ಗಾಳಿಯ ಹೆಸರು ಇದ್ದರೆ ಸಾಕು. ಬೇಸಿಗೆಯಲ್ಲಿ ದನ ಮೇಯಿಸುವ ಎತ್ತರದ ಹುಲ್ಲುಗಾವಲನ್ನು ಹುಲ್ಲುಗಾವಲು ಅಂದರೂ ನಡೆಯುತ್ತದೆ.

## ಹಂತ 9: ತಿದ್ದುವಾಗ ನೋಡಬೇಕಾದದ್ದು

ಬರೆದು ಒಂದು ವಾರ ಬಿಟ್ಟು ಓದಿ. ಮೊದಲು ಪ್ರಾಣಿ ಕಾಣುವ ದೃಶ್ಯವನ್ನು ಮಾತ್ರ ಕಿತ್ತು ಪಕ್ಕಕ್ಕಿಡಿ. ಉಳಿದದ್ದು ಮೂರು ಜನರ ಕಥೆಯಾಗಿ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಎರಡನೇ ಹಂತದ ಹಾಳೆಗೆ ವಾಪಸ್ ಹೋಗಿ, ದೃಶ್ಯವನ್ನು ಹೊಳಪು ಮಾಡುತ್ತಾ ಕೂರಬೇಡಿ.

ಆಮೇಲೆ ಋತು ನೋಡಿ. ಕೊಂಬು, ತುಪ್ಪಳದ ಬಣ್ಣ, ಹಿಮ, ಚಂದ್ರ ನಾಲ್ಕೂ ಒಂದೇ ತಿಂಗಳಿಗೆ ಸೇರಿರಬೇಕು. ಕರಡಿನಲ್ಲಿ ತಿಂಗಳು ಬದಲಾಯಿಸಿದವರು ಇವುಗಳಲ್ಲಿ ಒಂದನ್ನು ಮರೆತೇ ಮರೆಯುತ್ತಾರೆ.

ಪ್ರಾಣಿಗೆ ಏನಾಯಿತು ಎಂಬುದನ್ನೂ ನೋಡಿ. ಹಿಡಿದರೆ ಯಾರೋ ಅದನ್ನು ಎಲ್ಲೋ ಇಡಬೇಕು, ಏನೋ ತಿನ್ನಿಸಬೇಕು. ಕೊಂದರೆ ಒಂದು ಹೆಣ ಇರುತ್ತದೆ. ಆ ಹೆಣ ಹೋಟೆಲಿನ ಗೋಡೆಗೆ ಬಂದರೆ ಹೊಲಿದ ಬೊಂಬೆಗಳ ಪಕ್ಕದಲ್ಲಿ ಯಾರೂ ಅದನ್ನು ನಂಬುವುದಿಲ್ಲ, ಅದು ನಿಮ್ಮ ಕಥೆಯ ಅತಿ ಕ್ರೂರ ಮುಕ್ತಾಯವಾಗಬಹುದು. ಬಿಟ್ಟುಬಿಟ್ಟರೆ, ಬಿಟ್ಟವರು ಅದಕ್ಕಾಗಿ ಏನನ್ನೋ ಕಳೆದುಕೊಂಡಿರಬೇಕು. ನಮ್ಮ ಉದಾಹರಣೆಯಲ್ಲಿ ಗುಮಾಸ್ತ ಮೇಜಿನ ಮುಂದೆ ‘ನಾನೇ ಮೋಸ ಹೋದೆ’ ಅಂತ ಒಪ್ಪಿಕೊಂಡು ಎಲ್ಲರ ನಗುವನ್ನು ತಡೆದುಕೊಳ್ಳುತ್ತಾನೆ. ಕೊಂಬು ಅವನ ಜೇಬಿನಲ್ಲೇ ಇದೆ.

ಕೊನೆಯದಾಗಿ, ವೊಲ್ಪರ್ಟಿಂಗರ್ ಹೆಸರೇ ಕೇಳದ ಒಬ್ಬರಿಗೆ ಕಥೆ ಕೊಡಿ. ಮೊದಲೇ ಏನೂ ವಿವರಿಸಬೇಡಿ. ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಕಾವಲುಗಾರನಿಗೆ ಮೊದಲೇ ಗೊತ್ತಿತ್ತಾ?’ ಅವರು ‘ಗೊತ್ತಿತ್ತು’ ಅಂದು, ಯಾವ ಸಾಲಿನಲ್ಲಿ ಅನುಮಾನ ಬಂತು ಅಂತ ತೋರಿಸಿದರೆ ಕಥೆಯನ್ನು ಕಳಿಸಬಹುದು. ‘ಯಾವ ಕಾವಲುಗಾರ?’ ಅಂದರೆ ಮೂರನೇ ಹಂತದಿಂದ ಮತ್ತೆ ಶುರು ಮಾಡಿ.